ವಿಗ್ಗೊ ನಾದಿಟ್ಟ ಸ್ಪಂಜು

ವಿಗ್ಗೊ ತೀರಿಕೊಂಡ ಮೇಲಿನ ಮೊದಲ ವಸಂತದಲ್ಲಿ, ಅವನ ರಿಮೋಟ್ ಕಾರನ್ನು ಒಮ್ಮೆಯಾದರೂ ಪಂದ್ಯಕ್ಕೆ ಇಳಿಸಬೇಕೆಂದು ತಮ್ಮ ಆಸ್ಗರ್ ಹಟ ಹಿಡಿದ. ಅತ್ತಿಗೆ ಬೋದಿಲ್ ಬೇಡ ಎನ್ನಲಿಲ್ಲ. ಇಂಜಿನ್ನು ಮಾತ್ರ ಕೆಡಬಾರದು ಎಂದಳು.

ಮೊಳದುದ್ದದ ಆ ಕಾರನ್ನು ಆಟಿಕೆ ಅಂದುಕೊಂಡವರು ಅದರ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಒಳಗಿರುವುದು ನಿಜವಾದ ಇಂಜಿನ್ನು. ನಿಂಬೆಹಣ್ಣಿನಷ್ಟೇ ಇದ್ದರೂ ಇಂಧನ ಕುಡಿಯುತ್ತದೆ, ಉಸಿರಾಡುತ್ತದೆ. ಕಾಯಿಲೆ ಬಿದ್ದ ವರ್ಷ ವಿಗ್ಗೊ ಅದನ್ನು ಹೊಸದಾಗಿ ತಂದು, ಹಿತ್ತಲಿನಲ್ಲಿ ನಿಧಾನಕ್ಕೆ ಓಡಿಸಿ ಪಳಗಿಸಿದ್ದ. ಅದೊಂದು ಹೋದರೆ, ಅವನು ಮಾಡುತ್ತಿದ್ದ ಸದ್ದು ಎನ್ನುವಂಥದ್ದು ಮನೆಯಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ಬೋದಿಲ್‌ಗೆ ಗೊತ್ತಿತ್ತು.

ಡೆನ್ಮಾರ್ಕಿನ ಪಡುಗಡಲ ದಂಡೆಯ ಆ ಟ್ರ್ಯಾಕಿನಲ್ಲಿ ಗಾಳಿ ಎದ್ದರೆ ಬ್ರೆಡ್ಡಿಗೆ ಹಚ್ಚಿದ ಬೆಣ್ಣೆಯಲ್ಲೂ ಮರಳು. ಇಂಜಿನ್ನಿಗೆ ಅದೇ ವಿಷ. ಅದಕ್ಕೇ ಅದರ ಮೂಗಿಗೆ ಸ್ಪಂಜಿನ ಫಿಲ್ಟರ್ ಇರುತ್ತದೆ. ಸ್ಪಂಜಿಗೆ ನೀಲಿ ಬಣ್ಣದ ಅಂಟೆಣ್ಣೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ನಾದಬೇಕು. ಆಗ ದೂಳು ಎಣ್ಣೆಗೆ ಅಂಟಿ ಹೊರಗೇ ನಿಲ್ಲುತ್ತದೆ.

ಪಂದ್ಯದ ಬೆಳಗ್ಗೆ ಆಸ್ಗರ್ ಅಣ್ಣನ ಪೆಟ್ಟಿಗೆ ತೆರೆದಾಗ ಅಂಥ ಚೀಲವೊಂದು ಸಿಕ್ಕಿತು. ಮುಂದಿನ ಪಂದ್ಯಕ್ಕೆಂದು ವಿಗ್ಗೊ ನಾದಿ, ಬಾಯಿ ಮುಚ್ಚಿ ಇಟ್ಟದ್ದು. ಟ್ರ್ಯಾಕಿನ ಬದಿಯ ಮೇಜುಗಳಲ್ಲಿ ತಮ್ಮ ಕಾರು ಸಜ್ಜುಮಾಡುತ್ತಿದ್ದವರೂ ಬಂದು ನೋಡಿದರು. ಒಬ್ಬ ಟೋಪಿ ತೆಗೆದ. ಇದನ್ನೇ ಹಾಕಬೇಕು, ಇದ್ದ ಹಾಗೇ ಹಾಕಬೇಕು ಎಂದು ಎಲ್ಲರದೂ ಒಂದೇ ಮಾತು.

ಬೋದಿಲ್ ಚೀಲವನ್ನು ಬೆಳಕಿಗೆ ಹಿಡಿದಳು. ಎಣ್ಣೆಯ ನೀಲಿಯೆಲ್ಲ ಒಂದು ಮಗ್ಗುಲಿಗೆ ಇಳಿದು, ಇನ್ನೊಂದು ಮಗ್ಗುಲು ಬಿಳಿಚಿಕೊಂಡಿತ್ತು. ಬೇಕರಿಯಲ್ಲಿ ಹಿಟ್ಟು ನಾದಿ ಬಾಳು ಸವೆಸಿದ ಹೆಂಗಸು ಅವಳು.

"ಹದ ಹೋಗಿದೆ ಆಸ್ಗರ್. ಮತ್ತೆ ನಾದ್ಬೇಕು."

"ಅಣ್ಣನ ಕೈ ಆಡಿದ್ದು ಇದರ ಮೇಲೆ, ಅತ್ತಿಗೆ. ನಾನು ಮುಟ್ಟಲ್ಲ."

"ನಿಮ್ಮಣ್ಣ ಇದ್ದಿದ್ರೆ ಇದನ್ನ ಹಿಂಗೇ ಹಾಕಕ್ಕೆ ಬಿಡ್ತಿದ್ನಾ? ನಿನ್ನ ಕಿವಿ ಹಿಂಡ್ತಿದ್ದ."

ಆಸ್ಗರ್ ನಗಲಿಲ್ಲ. ಹೊಸ ಫಿಲ್ಟರ್ ಇದೆ, ಅದನ್ನು ಹಾಕೋಣ, ಇದನ್ನು ನೀವು ಮನೆಗೆ ಒಯ್ದು ಇಟ್ಟುಕೊಳ್ಳಿ ಎಂದ. ಬೋದಿಲ್‌ಗೂ ಆಸೆಯಾಯಿತು. ಕಪಾಟಿನಲ್ಲಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮುಚ್ಚಿಟ್ಟ ಹಿಟ್ಟು ಹುಳಿಯುತ್ತದೆ, ಮುಚ್ಚಿಟ್ಟ ಸ್ಪಂಜು ಒಂದು ದಿನ ಪುಡಿಯಾಗುತ್ತದೆ. ಕೆಲಸಕ್ಕೆಂದು ಮಾಡಿಟ್ಟದ್ದನ್ನು ಕೆಲಸಕ್ಕೆ ಹಾಕದಿದ್ದರೆ ಮಾಡಿದವನಿಗೆ ಯಾವ ಮರ್ಯಾದೆ?

ಅವಳು ಚೀಲದ ಬಾಯಿ ಬಿಚ್ಚಿ ಒಂದಿಷ್ಟು ಹೊಸ ಎಣ್ಣೆ ಒಳಗೆ ಸುರಿದಳು. ಮೊದಲು ಮೆಲ್ಲಗೆ, ಅವನ ಬೆರಳಿನ ಗುರುತೇನಾದರೂ ಸಿಕ್ಕೀತೇ ಎಂದು ಹುಡುಕಿದಂತೆ ಒತ್ತಿದಳು. ಇರಲಿಲ್ಲ. ಸ್ಪಂಜು ಗುರುತು ಇಟ್ಟುಕೊಳ್ಳುವ ವಸ್ತುವಲ್ಲ, ಬಿಟ್ಟ ಕೂಡಲೇ ಮೊದಲಿನಂತೆ ಉಬ್ಬಿಕೊಂಡಿತು. ಆಮೇಲೆ ಕೈ ತನ್ನ ಪಾಡಿಗೆ ತಾನು ನಾದಿತು. ನೀಲಿ ಎಲ್ಲ ಕಡೆ ಹರಡಿದಾಗ ಹೆಚ್ಚಿನ ಎಣ್ಣೆ ಹಿಂಡಿ, ಸ್ಪಂಜನ್ನು ಇಂಜಿನ್ನಿಗೆ ತಾನೇ ಕೂಡಿಸಿದಳು.

ಗಾಳಿ ಜೋರಾಗಿತ್ತು. ಮುಂದಿನ ಕಾರುಗಳು ಎಬ್ಬಿಸಿದ ಮರಳಿನಲ್ಲಿ ವಿಗ್ಗೊನ ಕಾರು ಮುಳುಗಿ ಏಳುತ್ತಿತ್ತು. ಬೋದಿಲ್ ಅದನ್ನು ನೋಡಲಿಲ್ಲ, ಕಿವಿಗೊಟ್ಟು ನಿಂತಳು. ಇಂಜಿನ್ನಿನ ದನಿ ಎಲ್ಲೂ ಒಡೆಯಲಿಲ್ಲ.

ಆಸ್ಗರ್ ಹಿಂದುಳಿದವರ ಜೊತೆಗೇ ಓಟ ಮುಗಿಸಿದ. ಕಾರು ಮೇಜಿಗೆ ಬಂದಾಗ ಸ್ಪಂಜಿನ ಮೇಲೆ ಮರಳು ಹಕ್ಕಳೆ ಕಟ್ಟಿತ್ತು. ಬೋದಿಲ್ ಅದನ್ನು ಕಿತ್ತು, ಒಳಗಿನ ಗಾಳಿ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ಮೈದುನನಿಗೆ ತೋರಿಸಿದಳು. ಬಟ್ಟೆಯಲ್ಲಿ ಒಂದು ಕಣವೂ ಇರಲಿಲ್ಲ. ಅವನು ಕಣ್ಣೊರೆಸಿಕೊಂಡು, ಇನ್ನು ಸಾಕು, ಮನೆಗೆ ಹೋಗೋಣ ಎಂದ.

ಬೋದಿಲ್ ಕೊಳೆ ಸ್ಪಂಜನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿದಳು. ಮರಳು ಬಿಟ್ಟಿತು, ನೀಲಿ ಬಿಟ್ಟಿತು. ಡಬ್ಬಿಯಲ್ಲಿ ಅವನ ಎಣ್ಣೆ ಯಾವುದು, ತನ್ನದು ಯಾವುದು ಎಂದು ಹೇಳುವಂತಿರಲಿಲ್ಲ.

"ಮಧ್ಯಾಹ್ನ ಇನ್ನೊಂದು ಓಟ ಇದೆಯಲ್ಲ," ಎಂದಳು. "ಆ ಹೊಸ ಫಿಲ್ಟರ್ ಇತ್ತ ಕೊಡು, ನಾದ್ಕೊಡ್ತೀನಿ."