ಕಂತೆ ತಟ್ಟದ ಜೋಡ್ವಾ

ಜೋಡ್ವಾ ನಡೆಯುವುದನ್ನು ಹಿಂದಿನಿಂದ ಕಂಡವರು, ಎಲ್ಲೋ ಜಗಳ ಹತ್ತಿಕೊಂಡಿದೆ, ಬಿಡಿಸಲು ಹೊರಟಿದ್ದಾಳೆ ಎಂದುಕೊಳ್ಳುತ್ತಾರೆ. ಮುಂದಿನಿಂದ ಕಂಡವರಿಗೆ ಮಾತ್ರ, ಆ ಜಗಳವನ್ನು ಹೊತ್ತಿಸಲು ಹೊರಟವಳೇ ಅವಳೆಂದು ತಿಳಿಯುತ್ತದೆ. ಬುಲವಾಯೊ ನಗರದ ಅಕ್ಟೋಬರ್ ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟೇಳದ ದಿನಗಳಲ್ಲೂ, ಮೊಣಕಾಲು ದಾಟುವ ರೈಲ್ವೆಯ ಉಣ್ಣೆ ಕೋಟು ತೊಟ್ಟು, ಅದರ ಒಂದೊಂದು ಜೇಬಿನಲ್ಲೂ ಒಂದೊಂದು ಕಂತೆ ಆಟದ ಎಲೆಗಳನ್ನು ತುರುಕಿಕೊಂಡು, ಪ್ರತಿ ಶನಿವಾರ ಸಂಜೆ ಅವಳು ಲುವೇವೆ ಬಡಾವಣೆಯ ಮಲೂಸಿಯ ಕ್ಷೌರದಂಗಡಿಗೆ ಬರುತ್ತಿದ್ದಳು. ಕೋಟು ಅವಳ ತಂದೆಯದು. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, "ಆಗುತ್ತೆ, ಅದಕ್ಕೇನೀಗ?" ಎಂಬುದೇ ಉತ್ತರ.

ನಾವು ಆಡುತ್ತಿದ್ದುದು ಇಸ್ಪೀಟಲ್ಲ. ಮೃಗಗಳು, ಮಂತ್ರಗಳು, ಕೋಟೆಗಳು ಚಿತ್ರಿತವಾದ ಎಲೆಗಳನ್ನು ಕೊಂಡು, ಕಾಡಿಬೇಡಿ ಬದಲಾಯಿಸಿಕೊಂಡು, ಜೋಹಾನ್ಸ್‌ಬರ್ಗಿನಿಂದ ರಜೆಗೆ ಬರುವ ಬಂಧುಗಳ ಕೈಯಲ್ಲಿ ತರಿಸಿಕೊಂಡು, ಒಬ್ಬೊಬ್ಬರೂ ಕಟ್ಟಿಕೊಂಡಿದ್ದ ಪುಟ್ಟ ಸೈನ್ಯಗಳ ಕದನ ಅದು. ಕೊನೆಯ ಗಿರಾಕಿ ಎದ್ದುಹೋದ ಮೇಲೆ ಮಲೂಸಿ ನೆಲದ ಕೂದಲನ್ನು ಗುಡಿಸಿ, ಕನ್ನಡಿಯ ಕೆಳಗಿನ ಮೇಜನ್ನು ನಡುವಿಗೆಳೆದರೆ ಸಭೆ ಸೇರಿದಂತೆ: ಮಲೂಸಿ, ಆಸ್ಪತ್ರೆಯ ದಾದಿ ಫಿಕಿಲೆ, ನಾನು ಮತ್ತು ವಾರವೆಲ್ಲ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ಗಂಟಲು ಒಣಗಿಸಿಕೊಂಡು ಬರುವ ಜೋಡ್ವಾ. ಒಂಟಿ ಹೆಂಗಸು, ವಾರದ ಆರು ದಿನಗಳನ್ನು ಅವಳು ಸಹಿಸುತ್ತಿದ್ದುದೇ ಈ ಒಂದು ಸಂಜೆಗಾಗಿ ಎಂಬುದು ನಮಗೆ ತಿಳಿದಿತ್ತು, ಅವಳು ಒಮ್ಮೆಯೂ ಹೇಳಿರಲಿಲ್ಲ.

ಬಂದವಳು ಕೂರುವ ಮುನ್ನವೇ ಸಿಡುಕಲು ಆರಂಭಿಸುತ್ತಿದ್ದಳು. ಆಟದ ನಡುವೆ ಮೆಲ್ಲಲು ಇಟ್ಟ, ಹುರಿದ ಮೊಪಾನೆ ಮರದ ಹುಳುವಿನ ಬಟ್ಟಲಿಗೆ ಕೈಹಾಕಿ ಅದೇ ಬೆರಳಲ್ಲಿ ಎಲೆ ಮುಟ್ಟುವವರ ಮೇಲೆ ಸಿಟ್ಟು. ಮಾಡಿದ ನಡೆಯನ್ನು ಹಿಂದಕ್ಕೆ ಕೇಳುವವರ ಮೇಲೆ ಸಿಟ್ಟು. ಸೋಲು ಕಂಡೊಡನೆ ಎಲೆ ಮಡಚಿ "ಸಾಕು" ಎನ್ನುವವರ ಮೇಲಂತೂ ಕೆಂಡದಂಥ ಸಿಟ್ಟು. "ಸಾಯೋದಾದ್ರೆ ಪೂರ್ತಿ ಸಾಯಿ, ಅರ್ಧಕ್ಕೆ ಎದ್ದು ಹೋಗ್ಬೇಡ" ಎಂದು ಗದರುವಳು. ಅವಳ ಕಾಟಕ್ಕೆ ನಾವು ಹುಳುವನ್ನು ಚಮಚದಲ್ಲಿ ತಿನ್ನುವುದನ್ನು ಕಲಿತೆವು. ಇಡೀ ಬುಲವಾಯೊದಲ್ಲಿ ಹಾಗೆ ತಿನ್ನುವ ನಾಚಿಕೆಗೇಡಿಗಳು ನಾವಷ್ಟೇ ಇರಬೇಕು.

ಇವೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಇನ್ನೊಂದು. ಎದುರಾಳಿ ಕಂತೆಯನ್ನು ಕಲೆಸಿ ಮುಂದಿಟ್ಟಾಗ ಅದನ್ನು ಕಟ್ ಮಾಡುವ, ಅಂದರೆ ಮೇಲಿನ ಪಾಲನ್ನೆತ್ತಿ ಕೆಳಗಿಡುವ, ಹಕ್ಕು ಎಲ್ಲರಿಗೂ ಉಂಟು. ಆದರೆ ಗೆಳೆಯರು ಹಾಗೆ ಮಾಡುವುದಿಲ್ಲ. ಕಂತೆಯ ನೆತ್ತಿಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ ಬಿಡುತ್ತಾರೆ. ನಿನ್ನ ಕೈಯನ್ನು ನಂಬಿದ್ದೇನೆ ಎಂದು ಅದರರ್ಥ. ಜೋಡ್ವಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಟ್ಟಿದವಳಲ್ಲ. ಪ್ರತಿ ಸಲವೂ ಕಟ್. ಅವಳ ತಂದೆ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದನಂತೆ; ಶೀಟಿ ಊದುವ ಮೊದಲು ಡಬ್ಬಿಡಬ್ಬಿಯ ನಡುವಿನ ಕೊಂಡಿಯನ್ನು ತನ್ನ ಕೈಯಿಂದಲೇ ಎಳೆದು ನೋಡುತ್ತಿದ್ದನಂತೆ. "ಹೇಳಿದ್ದನ್ನ ಕೇಳ್ಕೊಂಡು ಗಾಡಿ ಬಿಡೋಕಾಗಲ್ಲ" ಎಂಬ ಅವನ ಮಾತನ್ನು ಮಗಳು ಕೋಟಿನ ಜೊತೆಗೇ ತೊಟ್ಟುಕೊಂಡಿದ್ದಳು. ಗೂಡ್ಸ್ ಡಬ್ಬಿಗೆ ಸಲ್ಲುವ ಶಾಸ್ತ್ರವನ್ನು ಗೆಳೆಯರ ಮೇಲೆ ಪ್ರಯೋಗಿಸುವುದು ಎಂಥ ನ್ಯಾಯವೆಂದು ನನಗೂ ಎಷ್ಟೋ ಸಲ ಮೈ ಉರಿದಿತ್ತು.

ಒಂದು ಅಕ್ಟೋಬರಿನಲ್ಲಿ ಮಲೂಸಿಗೆ ಅವನಣ್ಣ ಜೋಹಾನ್ಸ್‌ಬರ್ಗಿನಿಂದ ಬೆಳ್ಳಿ ಮೊಸಳೆಯ ಎಲೆಯೊಂದನ್ನು ತಂದುಕೊಟ್ಟಿದ್ದ. ದೀಪಕ್ಕೆ ಹಿಡಿದರೆ ಮೈಯೆಲ್ಲ ಮಿರುಗುವ ಎಲೆ. ಮೊದಲ ಕೈಯಲ್ಲೇ ಬಂದರೆ ಎದುರಾಳಿಗೆ ಉಳಿಗಾಲವಿಲ್ಲ. ಅದು ಜೋಡ್ವಾಳೆದುರು ವಾರವಾರವೂ ಮೊದಲ ಕೈಯಲ್ಲೇ ಬರತೊಡಗಿತು. ಫಿಕಿಲೆಯೆದುರು ಬರಲಿಲ್ಲ, ನನ್ನೆದುರು ಬರಲಿಲ್ಲ. ಕೊನೆಗೊಂದು ಸಂಜೆ ಮಲೂಸಿ ಮೊಸಳೆಯನ್ನು ಮೇಜಿಗಿಳಿಸಿದಾಗ ಜೋಡ್ವಾ ತನ್ನ ಎಲೆಗಳನ್ನು ಬೋರಲು ಹಾಕಿದಳು.

"ಲೋ ಮಲೂಸಿ, ಕಲೆಸೋವಾಗ ಏನು ಮಾಡ್ತಿದ್ದೀಯ?"

"ಏನಕ್ಕಾ ಹಂಗಂದ್ರೆ?"

"ಹಂಗಂದ್ರೆ ಹಂಗೇ. ಕತ್ತರಿ ಹಿಡಿಯೋ ಬೆರಳು, ಚುರುಕಾಗಿರುತ್ತೆ."

ಮಲೂಸಿ ಎದ್ದು ನಿಂತ. "ನನ್ನಂಗಡೀಲಿ ಕೂತು ನನ್ನನ್ನ ಕಳ್ಳ ಅಂತೀಯಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ? ನಾನು ಕಳ್ಳ ಅಂದ್ನಾ?"

ಅವನು ಮೊಸಳೆಯನ್ನೂ ಸೇರಿಸಿ ಇಡೀ ಕಂತೆಯನ್ನು ಅವಳ ಮಡಿಲಿಗೆ ಎಸೆದ. "ತಗೋ. ನೀನೇ ಕಲೆಸು, ನೀನೇ ಕಟ್ ಮಾಡು. ಮೇಲಿನ ಎಲೆ ತಿರುಗಿಸಿ ನೋಡು."

ಅವಳು ಹಲ್ಲು ಕಚ್ಚಿ ಕಲೆಸಿದಳು, ಕಟ್ ಮಾಡಿ ತಿರುಗಿಸಿದಳು. ಮೊಸಳೆ. ಮತ್ತೆ ಕಲೆಸಿದಳು. ಮತ್ತೂ ಮೊಸಳೆ. ಆಸ್ಪತ್ರೆಯಲ್ಲಿ ಸೂಜಿಯ ಔಷಧಿಯನ್ನು ಕಣ್ಣಮಟ್ಟಕ್ಕೆ ಹಿಡಿದು ನೋಡಿ ರೂಢಿಯಾದ ಫಿಕಿಲೆ ಬಗ್ಗಿ, ಕಂತೆಯನ್ನು ಪಕ್ಕದಿಂದ ದಿಟ್ಟಿಸಿ, ಉಗುರಿನಿಂದ ತೋರಿಸಿದಳು. ಒಣಹವೆಗೆ ಬೆಳ್ಳಿ ಎಲೆ ಬಿಲ್ಲಿನಂತೆ ಬಾಗಿತ್ತು. ಕಂತೆಯ ನಡುವೆ ಎಲ್ಲಿದ್ದರೂ ಅದರ ಮೇಲೊಂದು ಕೂದಲೆಳೆಯಷ್ಟು ಸಂದು.

"ಅಕ್ಕಾ, ಕಟ್ ಮಾಡುವಾಗ ಬೆರಳು ತಾನಾಗೇ ಈ ಸಂದಿಗೆ ಹೋಗಿ ಕೂರುತ್ತೆ. ಮೊಸಳೆ ಮೇಲೆ ಬರುತ್ತೆ. ನಾವು ತಟ್ಟಿ ಬಿಡ್ತೀವಲ್ಲ, ಅದಕ್ಕೇ ನಮ್ಮೆದುರು ಬರಲಿಲ್ಲ."

ಮಲೂಸಿ ತನ್ನ ಕಂತೆಯನ್ನು ಅವಳ ಕೈಯಿಂದ ಕಿತ್ತುಕೊಂಡ. "ಎಲೇನ ವಾರವಾರ ನೀನೇ ನನ್ನ ಕೈಗೆ ಕೊಟ್ಟೆ. ನೀನೇ ಕಳ್ಳ ಅಂದೆ. ಇಷ್ಟು ವರ್ಷ ನೀನು ಕಟ್ ಮಾಡ್ದಾಗೆಲ್ಲ ಹಲ್ಲುಕಚ್ಚಿಕೊಂಡಿದ್ದೆ. ನಿನಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ರೆ ನನ್ನ ಮೇಜಲ್ಲಿ ನಿನಗೆ ಜಾಗವೂ ಇಲ್ಲ. ಹೋಗು."

ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಬದಲಿಗೆ ಅವಳು ತನ್ನ ಎಲೆಗಳನ್ನು ಜೇಬಿಗೆ ತುರುಕಿ, ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದು ಹೊರಟುಹೋದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದುಕೊಂಡು ನಾನು ಅವಳನ್ನು ಮನಸಾರೆ ಬೈದೆ. ಮಲೂಸಿ ಅವಳ ಸ್ಟೂಲನ್ನು ಎತ್ತಿ ಹಿಂದಿನ ಕೋಣೆಗೆ ಹಾಕಿದ.

ಮುಂದಿನ ಶನಿವಾರ ನಾವು ಮೂವರೇ ಕುಳಿತಿದ್ದೆವು. ಆಟ ಸರಾಗವಾಗಿ ಸಾಗಿತ್ತು. ಯಾರೂ ಗದರುವವರಿಲ್ಲ, ಮಾಡಿದ ನಡೆಯನ್ನು ನಾನು ಸಲೀಸಾಗಿ ಹಿಂದಕ್ಕೆ ಪಡೆದೆ, ಫಿಕಿಲೆ ಬೇಸರವಾಗಿ ಅರ್ಧಕ್ಕೇ ಎಲೆ ಮಡಚಿದಳು. ಅಷ್ಟರಲ್ಲಿ ಹೊಸ್ತಿಲ ಮೇಲೆ ಆ ಕೋಟು ಕಾಣಿಸಿತು. ಕೂರಲು ಸ್ಟೂಲಿಲ್ಲದ್ದನ್ನು ಅವಳು ನೋಡಿದಳು. ಕ್ಷಮಿಸು ಎನ್ನುತ್ತಾಳೇನೋ ಎಂದು ಕಾದೆವು.

"ಥೂ, ಹುಳುನ ಬರಿಗೈಲಿ ತಿಂತಿದ್ದೀರಲ್ಲೋ! ಚಮಚ ಎಲ್ಲಿ ಹೋಯ್ತು?"

ಮಲೂಸಿ ಮುಖವೆತ್ತದೆ ತನ್ನ ಕಂತೆಯನ್ನು ಕಲೆಸಿ, ಅವಳು ನಿಂತಿದ್ದ ಕಡೆಗೆ ಸರಿಸಿದ. ಮೊಸಳೆಯನ್ನು ಅವನು ವಾರವೆಲ್ಲ ಒರಳಿನಡಿ ಇಟ್ಟಿದ್ದರೂ ಅದರ ಡೊಂಕು ಪೂರ್ತಿ ಹೋಗಿರಲಿಲ್ಲ. ಸಂದು ನಮಗೆಲ್ಲ ಕಾಣುತ್ತಿತ್ತು, ಅವಳಿಗೂ. ಅವಳ ಕೈ ಅಭ್ಯಾಸಬಲದಿಂದ ಕಂತೆಯ ಪಕ್ಕಕ್ಕೆ ಹೋಯಿತು, ನಿಂತಿತು. ಹಣೆಯ ಬೆವರು ಕೋಟಿನ ಕಾಲರಿಗೆ ಇಳಿಯುತ್ತಿತ್ತು. ಆಮೇಲೆ ಮುಷ್ಟಿ ಕಟ್ಟಿ, ಮೇಜಿನ ಮೇಲಿನ ಬಟ್ಟಲು ಹಾರಿ ಹುಳುಗಳು ಚೆಲ್ಲುವಂತೆ, ಕಂತೆಯ ನೆತ್ತಿಗೆ ಕುಟ್ಟಿದಳು.

ಮಲೂಸಿ ಕಂತೆಯನ್ನು ತನ್ನತ್ತ ಎಳೆದುಕೊಂಡ. "ನಂಬಿ ತಟ್ಟಿದ್ಯೋ, ಮೊಸಳೆ ಮೇಲೆ ಬರಬಾರದು ಅಂತ ತಟ್ಟಿದ್ಯೋ?"

"ಬಾಯ್ಮುಚ್ಕೊಂಡು ಆಡು."

ಅವನು ಎದ್ದು ಹೋಗಿ ಸ್ಟೂಲು ತಂದ.

ಸಿಕ್ಕಸಿಕ್ಕವರ ಕಂತೆಯನ್ನೆಲ್ಲ ನಗುನಗುತ್ತ ತಟ್ಟುವ ನಯವಂತರನ್ನು ಲೋಕ ಸಜ್ಜನರೆಂದು ಹೊಗಳುತ್ತದೆ. ನನಗೆ ಅವರನ್ನು ಕಂಡರೆ ಈಗ ಮೈಯೆಲ್ಲ ಉರಿಯುತ್ತದೆ. ಅವರ ನಂಬಿಕೆಗೆ ಅವರು ಏನನ್ನೂ ತೆತ್ತಿಲ್ಲ, ನಾಳೆ ಅದನ್ನು ಮರೆಯುವುದಕ್ಕೂ ಏನೂ ತೆರುವುದಿಲ್ಲ. ಜೋಡ್ವಾಳ ಜಾತಿಯ ಸಿಡುಕರು ಎಲ್ಲವನ್ನೂ ಎಳೆದು ನೋಡಿ, ಎಲ್ಲರ ಮನಸ್ಸನ್ನೂ ನೋಯಿಸಿ, ಕೊನೆಗೆ ಸಂದು ಕಣ್ಣೆದುರೇ ಕಾಣುತ್ತಿರುವಾಗ ಒಮ್ಮೆ ನಂಬುತ್ತಾರೆ. ಅದೂ ಬೈಯುತ್ತಲೇ. ಅಂಥವರೊಡನೆ ಒಂದು ಸಂಜೆ ಕಳೆಯುವುದು ಕಷ್ಟ. ಅವರಿಲ್ಲದ ಸಂಜೆ ಹೇಗಿರುತ್ತದೆಂದು ನಾವು ಒಂದು ಶನಿವಾರ ನೋಡಿದ್ದೇವೆ.