ಗೋದಲಿಯ ಪೈರು

ಡಿಸೆಂಬರ್ ಎಂಟರಂದು ತೆಂಗಿನ ಚಿಪ್ಪಿನಲ್ಲಿ ಭತ್ತ ಬಿತ್ತಿ, ಗೇಣುದ್ದ ಬೆಳೆದ ಪೈರನ್ನು ಕ್ರಿಸ್ಮಸ್‌ಗೆ ಬಾಲಯೇಸುವಿನ ಗೋದಲಿಯ ಸುತ್ತ ಇಡುವುದು ನಮ್ಮ ಮನೆಯ ವಾಡಿಕೆ. ಈ ಸಲ ಬಿತ್ತಿದ್ದು ನನ್ನ ತಂಗಿ ಲವೀನಾಳ ಇಬ್ಬರು ಹೆಣ್ಣುಮಕ್ಕಳು. ಗಂಡ ಸತ್ತ ಮೇಲೆ ಮಸ್ಕತ್ತಿಗೆ ದುಡಿಯಲು ಹೋದ ಲವೀನಾ, "ಪೈರು ಗೇಣುದ್ದ ಆಗುವಾಗ ಬರ್ತೇನೆ" ಎಂದು ಅವರಿಗೆ ಫೋನಿನಲ್ಲಿ ಹೇಳಿದ್ದಳು.

"ಮಾವ್ಶಿ, ಒಂದು ವಾರ ಆಯ್ತು. ಮೊಳಕೆಯೇ ಬರ್ಲಿಲ್ಲ," ಎಂದಳು ದೊಡ್ಡವಳು ಅನ್ಸಿಟಾ.

ಒಂದು ಕಾಳು ಕೆದಕಿ ಹಲ್ಲಿನಲ್ಲಿ ಕಚ್ಚಿ ನೋಡಿದೆ. "ಭತ್ತ ಎಲ್ಲಿಂದ ತಂದದ್ದು?"

"ಪುತ್ತಿಗೆಯ ಮಿಲ್ಲಿನಿಂದ. ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ್ರು."

ಪೆದ್ದು ಮಕ್ಕಳು! ಅದು ಕುಚ್ಚಲಕ್ಕಿ ಮಾಡಲು ಬೇಯಿಸಿ ಒಣಗಿಸಿದ ಭತ್ತ. ದೇವರೇ ಬಂದು ನೀರೆರೆದರೂ ಮೊಳೆಯದು. ಪಕ್ಕದ ಯಶೋಧಕ್ಕನ ಮನೆಯಲ್ಲಿ ಬಿತ್ತನೆಯ ಭತ್ತ ಉಂಟು, ತರುವ ಎನ್ನಲು ಬಾಯಿ ತೆರೆದೆ.

ಆಗ ಬೆಳಿಗ್ಗೆ ಬಂದ ಲವೀನಾಳ ಮೆಸೇಜು ನೆನಪಾಯಿತು: "ಇಲ್ಲಿಯೇ ಮದುವೆ ಆಗಿದ್ದೇನೆ. ಇನ್ನು ಊರಿಗೆ ಬರುವುದಿಲ್ಲ. ಮಕ್ಕಳಿಗೆ ನೀನೇ ಹೇಳು."

"ನೀರು ಸಾಲ್ಲಿಲ್ಲ," ಎಂದೆ. "ಇನ್ನೂ ಸ್ವಲ್ಪ ಹಾಕಿ."

ಇಬ್ಬರೂ ಚೊಂಬು ಹಿಡಿದು ಬಾವಿಕಟ್ಟೆಗೆ ಓಡಿದರು.