ಇಳಿಜಾರಿನಲ್ಲಿ ನಿಲ್ಲುವ ಟ್ರ್ಯಾಕ್ಟರ್

ಆ ಮನೆಯವರು ತಮ್ಮ ಹಳೆಯ ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸುತ್ತಿರಲಿಲ್ಲ. ಶೆಡ್ಡಿನ ಪಕ್ಕದಿಂದ ಹೊಲದ ದಾರಿಗೆ ಒಂದು ಇಳಿಜಾರು ಇತ್ತು. ಸಂಜೆ ಅದರ ತುದಿಗೆ ತಂದು ನಿಲ್ಲಿಸಿ, ಹಿಂದಿನ ಚಕ್ರದ ಮುಂದೆ ಒಂದು ಕಲ್ಲು ಇಡುತ್ತಿದ್ದರು. ಬೆಳಿಗ್ಗೆ ಮಾವ ಸೀಟಿನ ಮೇಲೆ ಕೂತು ಕ್ಲಚ್ ತುಳಿಯುತ್ತಿದ್ದರು. ಸೊಸೆ ಬಗ್ಗಿ ಕಲ್ಲು ಎಳೆಯುತ್ತಿದ್ದಳು. ಗಾಡಿ ಉರುಳಿ ವೇಗ ಹಿಡಿದಾಗ ಮಾವ ಕ್ಲಚ್ ಬಿಟ್ಟರೆ ಎಂಜಿನ್ ಶುರುವಾಗುತ್ತಿತ್ತು.

ಗಂಡ ಬೆಳಗಿನ ಪಾಳಿಗೆ ಗಿರಣಿಗೆ ಹೋಗುತ್ತಿದ್ದುದರಿಂದ ಕಲ್ಲು ತೆಗೆಯುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ನಾಲ್ಕು ವರ್ಷದಿಂದ ಹೀಗೆಯೇ ನಡೆದಿತ್ತು. ಅಷ್ಟರಲ್ಲಿ ಮೂರು ಬ್ಯಾಟರಿ ಬದಲಾಗಿದ್ದವು. ಹೊಸದು ಬಂದಾಗ ಕೆಲವು ವಾರ ಕೀಲಿ ತಿರುಗಿಸಿದರೆ ಎಂಜಿನ್ ಓಡುತ್ತಿತ್ತು. ಆಮೇಲೆ ಮತ್ತೆ ಬರೀ ‘ಟಕ್’ ಎಂಬ ಸದ್ದು.

ಆ ದಿನ ನೆಲ ಒದ್ದೆಯಾಗಿತ್ತು. ಕಲ್ಲು ಕೆಸರಿನಲ್ಲಿ ಕಚ್ಚಿಕೊಂಡಿತ್ತು. ಸೊಸೆ ಎರಡೂ ಕೈ ಹಾಕಿ ಅಲ್ಲಾಡಿಸಿದಳು. ಕಲ್ಲು ಸಡಿಲವಾದದ್ದೇ ತಡ, ಚಕ್ರ ಅದರ ಮೇಲೇರಿ ಮುಂದಕ್ಕೆ ಬಂತು. ಅವಳು ಕೈ ಎಳೆದುಕೊಂಡಳು. ಬಲಗೈಯ ಎರಡು ಬೆರಳು ಕಲ್ಲಿಗೂ ನೆಲಕ್ಕೂ ನಡುವೆ ಸಿಕ್ಕಿ ಹೊರಬಂದವು. ಅಂಗಿಯ ತೋಳಿನ ತುದಿ ಚಕ್ರದಡಿ ಹೋಗಿ ಹರಿಯಿತು. ಮಾವನಿಗೆ ಇದು ಕಾಣಲಿಲ್ಲ. ಎಂಜಿನ್ ಶುರುವಾಗಿತ್ತು, ಅವರು ತಿರುಗಿಸಿಕೊಂಡು ಅಂಗಳಕ್ಕೆ ಬಂದರು.

ಅವಳು ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ನಿಂತಳು.

ಅದೇ ಹೊತ್ತಿಗೆ ನೀರಿನ ಪಂಪ್ ರಿಪೇರಿಗೆಂದು ಪಕ್ಕದ ಬೀದಿಯ ಹೆಂಗಸು ಬಂದಳು. ವೋಲ್ಟ್ ಅಳೆಯುವ ಮೀಟರನ್ನು ಸದಾ ಹೆಗಲ ಚೀಲದಲ್ಲಿ ಇಟ್ಟುಕೊಳ್ಳುವ ಆಕೆಯನ್ನು ಎಲ್ಲರೂ ಮೀಟರಕ್ಕ ಎಂದೇ ಕರೆಯುತ್ತಿದ್ದರು.

“ಯಾಕೆ, ಕೈ ನೀರಲ್ಲಿಟ್ಟುಕೊಂಡು ನಿಂತಿದ್ದೀಯ?”

“ಏನಿಲ್ಲ ಅಕ್ಕ.”

“ಏನಿಲ್ಲದ ಕೈಯನ್ನ ತೋರಿಸು ನೋಡೋಣ.”

ಎರಡು ಉಗುರು ಆಗಲೇ ಕಪ್ಪಾಗಿದ್ದವು. ಮೀಟರಕ್ಕ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಿ, ಮೂಳೆಗೆ ಪೆಟ್ಟಾದಂತಿಲ್ಲ, ಆದರೂ ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸು ಎಂದಳು. ಅಂಗಿಯ ಹರಿದ ತೋಳು ನೋಡಿದಳು. ಗಾಡಿಯ ಕಡೆ ನೋಡಿದಳು. ಕೇಳಬೇಕಾದದ್ದು ಏನೂ ಉಳಿಯಲಿಲ್ಲ.

ಮಾವ ಎಂಜಿನ್ ಓಡುತ್ತಿದ್ದಂತೆಯೇ ಇಳಿದು ಬಂದರು. “ಓಹೋ, ಡಾಕ್ಟ್ರಮ್ಮ ಬಂದ್ರಾ? ನಮ್ಮ ಪಂಪಿಗೆ ಏನಂತೆ ಜ್ವರ?”

“ಪಂಪ್ ಇರಲಿ ಬಿಡಿ. ನಿಮ್ಮ ಗಾಡಿ ಇವತ್ತು ಇವಳ ಕೈ ತಿನ್ನೋಕೆ ಹೋಗಿತ್ತು.”

ಸೊಸೆ ಕೈ ಹಿಂದಕ್ಕೆ ಮಾಡಿಕೊಂಡಳು. ಆದರೆ ಈ ಸಲ ಸುಮ್ಮನಿರಲಿಲ್ಲ. “ಮಾವ, ನಾಳೆಯಿಂದ ಕಲ್ಲು ನಾನು ತೆಗೆಯಲ್ಲ. ಬೈದರೂ ಸರಿ.”

ಮಾವ ಬೈಯಲಿಲ್ಲ. ಅವಳ ಅಂಗಿಯ ಹರಿದ ತೋಳನ್ನು ನೋಡಿದರು. ಆಮೇಲೆ, ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕುವವರಂತೆ, “ಬ್ಯಾಟರಿ ಕೊಟ್ಟವನು ಮೋಸ ಮಾಡಿದಾನಮ್ಮ. ಮೂರಕ್ಕೆ ಮೂರೂ ಕಳಪೆ” ಎಂದರು.

“ಮೂರೂ ಕಳಪೆ ಅಂದ್ರೆ ತಪ್ಪು ಬ್ಯಾಟರೀಲಿ ಇಲ್ಲ ಅಂತ ಅರ್ಥ” ಎಂದಳು ಮೀಟರಕ್ಕ. “ಎಂಜಿನ್ ಆರಿಸಬೇಡಿ. ನೋಡಿಬಿಡ್ತೀನಿ.”

ಅವಳು ಬ್ಯಾಟರಿಯ ಎರಡು ತುದಿಗೂ ಮೀಟರಿನ ಕಡ್ಡಿ ಇಟ್ಟಳು. “ಹನ್ನೆರಡು ಪಾಯಿಂಟ್ ಎರಡು. ಎಂಜಿನ್ ಓಡುವಾಗ ಇಲ್ಲಿ ಹದಿನಾಲ್ಕರ ಆಸುಪಾಸು ಬರಬೇಕು. ಅಂದ್ರೆ ಬ್ಯಾಟರಿಗೆ ಚಾರ್ಜ್ ಹೋಗ್ತಿಲ್ಲ.”

“ಹಾಗಾದ್ರೆ ಚಾರ್ಜ್ ಕೊಡೋ ಡೈನಮೋನೇ ಸತ್ತಿದೆ!” ಎಂದರು ಮಾವ.

“ಅವಸರ ಮಾಡ್ಬೇಡಿ.” ಈಗ ಅವಳು ಒಂದು ಕಡ್ಡಿಯನ್ನು ಡೈನಮೋದ ತಂತಿಗೂ ಇನ್ನೊಂದನ್ನು ಅದರ ಮೈಗೂ ಇಟ್ಟಳು. “ಹದಿನಾಲ್ಕು ಪಾಯಿಂಟ್ ಎರಡು. ಡೈನಮೋ ಚೆನ್ನಾಗಿ ದುಡೀತಿದೆ. ದುಡಿದದ್ದು ಮನೆ ಸೇರ್ತಿಲ್ಲ, ಅಷ್ಟೆ.”

“ಗಂಡಸರ ಥರ ಅನ್ನು” ಎಂದಳು ಸೊಸೆ. ಆ ಬೆಳಿಗ್ಗೆ ಅಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ಮೀಟರಕ್ಕ ಎಂಜಿನ್ ಆರಿಸಲು ಹೇಳಿದಳು. ಮಾವ ತಡವರಿಸಿದರು. “ಇಲ್ಲಿ ಸಮತಟ್ಟು ನೆಲ. ಆರಿಸಿದ್ರೆ ಮತ್ತೆ ಯಾರು ಎಬ್ಬಿಸ್ತಾರೆ?”

“ಎಬ್ಬಿಸೋಕೆ ಆಗದಿದ್ರೆ ಇವತ್ತು ಮಲಗಿರಲಿ. ಹೊಲ ಓಡಿಹೋಗಲ್ಲ.”

ಎಂಜಿನ್ ನಿಂತಿತು. ಮಾವ ಸುಮ್ಮನಿರಲಾರದೆ ಗಾಡಿಯ ಸಾಮಾನಿನ ಚೀಲದಿಂದ ಸ್ಪ್ಯಾನರ್ ತೆಗೆದರು. “ಇದನ್ನ ಎರಡು ತುದಿಗೂ ಒಮ್ಮೆ ಮುಟ್ಟಿಸಿ ಕಿಡಿ ನೋಡಿದ್ರೆ ಬ್ಯಾಟರಿ ಕಥೆ ಗೊತ್ತಾಗುತ್ತೆ. ಅದಕ್ಕೆ ಮೀಟರ್ ಯಾಕೆ?”

ಮೀಟರಕ್ಕ ಅವರ ಮಣಿಕಟ್ಟನ್ನೇ ಹಿಡಿದಳು. “ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಒಂದು ಗಾಳಿ ಹೊರಡುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತೆ. ಬ್ಯಾಟರೀಲಿ ನೀರು ಎಷ್ಟಿದೆ ಅಂತ ಲೈಟರ್ ಹಚ್ಚಿ ಬಗ್ಗಿದವರ ಕಣ್ಣು ನಾನು ನೋಡಿದೀನಿ. ಅದನ್ನ ನೋಡಿದ ಮೇಲೆ ಯಾರೂ ಕಿಡಿ ನೋಡೋ ಆಸೆ ಪಡಲ್ಲ.”

ಮಾವ ಸ್ಪ್ಯಾನರ್ ಕೆಳಗಿಟ್ಟರು.

“ಈಗ ಗೇರ್ ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಹಿಡಿದು, ಸೀಟಲ್ಲೇ ಕೂತು ಕೀಲಿ ತಿರುಗಿಸಿ.” ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ತುದಿಯಲ್ಲಿತ್ತು, ಇನ್ನೊಂದು ಎಂಜಿನ್ನಿನ ಬರಿಯ ಬೋಲ್ಟಿನ ಮೇಲೆ. ‘ಟಕ್’ ಎಂದಿತು. ಮೀಟರ್ ಏಳು ವೋಲ್ಟ್ ತೋರಿಸಿತು.

ಮೀಟರಕ್ಕ ಸೊಸೆಯನ್ನು ಹತ್ತಿರ ಕರೆದು ತೋರಿಸಿದಳು. “ನೋಡು. ಕರೆಂಟು ಕೆಂಪು ತಂತೀಲಿ ಹೋಗುತ್ತೆ, ಗಾಡಿ ಮೈ ಹಾದು ಈ ಕಪ್ಪು ಪಟ್ಟೀಲಿ ವಾಪಸ್ ಬರುತ್ತೆ. ಇದು ಅರ್ಥಿಂಗ್ ಪಟ್ಟಿ. ವಾಪಸ್ ದಾರಿ ಸರಿಯಾಗಿದ್ರೆ ಇಲ್ಲಿ ಅರ್ಧ ವೋಲ್ಟೂ ಬರಬಾರದು. ಏಳು ಬಂತು ಅಂದ್ರೆ, ಶಕ್ತಿಯೆಲ್ಲ ಈ ದಾರೀಲೇ ಸೋರಿಹೋಗ್ತಿದೆ. ಎಂಜಿನ್ ತಿರುಗಿಸೋಕೆ ಉಳೀತಿಲ್ಲ. ಚಾರ್ಜ್ ವಾಪಸ್ ಬರೋದೂ ಇದೇ ದಾರೀಲಿ.”

ಪಟ್ಟಿಯ ಕೊನೆ ಗಾಡಿಯ ಮೈಗೆ ಬಿಗಿದಿದ್ದ ಜಾಗಕ್ಕೆ ಅವಳು ಟಾರ್ಚ್ ಹಿಡಿದಳು. ಬೋಲ್ಟ್ ಬಿಗಿಯಾಗಿಯೇ ಇತ್ತು. ಅದರ ಕೆಳಗೆ ಸೊಗಸಾದ, ದಪ್ಪನೆಯ ನೀಲಿ ಬಣ್ಣ.

“ಬಣ್ಣ ಹೊಡೆದದ್ದು ಯಾವಾಗ?”

ಸೊಸೆ ಮಾವನ ಕಡೆ ನೋಡಿದಳು. ಬಣ್ಣ ಹೊಡೆದದ್ದು ಮಾವ. ನಾಲ್ಕು ವರ್ಷದ ಹಿಂದೆ ಅತ್ತೆ ತೀರಿಕೊಳ್ಳುವ ಮೊದಲು, ಇನ್ನೂ ಓಡಾಡಿಕೊಂಡಿದ್ದಾಗ, ಇಬ್ಬರೂ ಸೇರಿ ಗಾಡಿಯ ಒಂದೊಂದು ಭಾಗ ಬಿಚ್ಚಿ, ಒಂದು ಮೂಲೆಯನ್ನೂ ಬಿಡದೆ ಬಣ್ಣ ಹಚ್ಚಿದ್ದರು. ನೀಲಿ ಆಕೆ ಆರಿಸಿದ ಬಣ್ಣ. ಪಟ್ಟಿ ಕೂರುವ ಜಾಗಕ್ಕೂ ಎರಡು ಸಲ ಬಳಿದು, ಒಣಗಿದ ಮೇಲೆ ಪಟ್ಟಿ ಬಿಗಿದಿದ್ದರು. ಬೋಲ್ಟಿನ ತಿರುಪು ಕಬ್ಬಿಣಕ್ಕೆ ಕಚ್ಚಿದ ಕಡೆ ಮಾತ್ರ ಅಷ್ಟಿಷ್ಟು ಕರೆಂಟು ಹಾಯುತ್ತಿತ್ತು. ತುಕ್ಕು ಹಿಡಿದಂತೆ ಅದೂ ಕಡಿಮೆಯಾಗುತ್ತ ಬಂದಿತ್ತು.

“ಬಣ್ಣದ ಮೂಲಕ ಕರೆಂಟು ಹಾಯಲ್ಲ” ಎಂದಳು ಮೀಟರಕ್ಕ ತಗ್ಗಿದ ದನಿಯಲ್ಲಿ. “ಇಲ್ಲಿ ಕೆರೆಯಬೇಕು. ಹೊಳೆಯೋ ಕಬ್ಬಿಣ ಕಾಣೋವರೆಗೆ.”

“ಅದನ್ನ ಕೆರೆಯೋದು ಬೇಡ” ಎಂದರು ಮಾವ.

ಸೊಸೆ ಜಗಳ ಮಾಡಲಿಲ್ಲ. “ಅತ್ತೆ ಇದ್ದಿದ್ರೆ ಕಲ್ಲು ತೆಗೆಯೋಕೆ ನನ್ನ ಬಗ್ಗಿಸ್ತಿದ್ರಾ, ಮಾವ?” ಎಂದಷ್ಟೇ ಕೇಳಿದಳು.

ಮಾವ ಸೀಟಿನಿಂದ ಇಳಿದು ಬಂದು, “ಎಲ್ಲಿ, ಉಜ್ಜೋ ಉಪ್ಪುಕಾಗದ ಕೊಡು. ನಾನೇ ಕೆರೀತೀನಿ” ಎಂದರು.

ಮೀಟರಕ್ಕ ಹೇಳಿಕೊಟ್ಟಂತೆ ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, ಮೊದಲು ಮೈನಸ್ ತಂತಿ ಬಿಚ್ಚಿದರು, ಆಮೇಲೆ ಪ್ಲಸ್. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣ ಕೆರೆದರು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಬ್ಯಾಟರಿಯ ಮುಚ್ಚಳಗಳನ್ನು ಬಿಗಿಯಾಗಿ ಮುಚ್ಚಿ, ತುದಿಗಳ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒರೆಸಿದರು. ಒಳಗೆ ಫಲಕಗಳು ಮುಳುಗುವಷ್ಟು ಬ್ಯಾಟರಿ ನೀರನ್ನೇ ತುಂಬಿದರು, ನಲ್ಲಿ ನೀರನ್ನಲ್ಲ. ಡೈನಮೋದ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಂದು ಬೆರಳು ದಪ್ಪದಷ್ಟು ಮಾತ್ರ ತಗ್ಗಿತು. ಅದು ಸರಿಯಾಗಿಯೇ ಇತ್ತು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿದ ಮೇಲೆ ಗ್ರೀಸ್ ಸವರಿದರು. ಅರ್ಧ ಖಾಲಿಯಾಗಿದ್ದ ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿ ನಿಧಾನವಾಗಿ ಚಾರ್ಜಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಮೀಟರಕ್ಕ ಬಂದಾಗ ಬ್ಯಾಟರಿ ಹನ್ನೆರಡು ಪಾಯಿಂಟ್ ಆರು ತೋರಿಸಿತು. ಮಾವ ಸೀಟು ಹತ್ತಲಿಲ್ಲ. “ನೀನು ಕೂರಮ್ಮ” ಎಂದರು ಸೊಸೆಗೆ.

“ನನಗೆ ಬರಲ್ಲ ಮಾವ.”

“ನಾಲ್ಕು ವರ್ಷ ಚಕ್ರದ ಮುಂದೆ ಬಗ್ಗೋಕೆ ಬಂತು. ಇದು ಅದಕ್ಕಿಂತ ಕಷ್ಟ ಅಲ್ಲ.”

ಅವಳು ಸೀಟು ಹತ್ತಿ, ಆಸ್ಪತ್ರೆಯಲ್ಲಿ ಬ್ಯಾಂಡೇಜು ಕಟ್ಟಿದ ಬೆರಳಿನಿಂದಲೇ ಕೀಲಿ ತಿರುಗಿಸಿದಳು. ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಮೀಟರಕ್ಕ ಬ್ಯಾಟರಿಗೆ ಕಡ್ಡಿ ಇಟ್ಟು, “ಹದಿನಾಲ್ಕು ಪಾಯಿಂಟ್ ಒಂದು” ಎಂದು ಕೂಗಿದಳು. ಮಾವನಿಗೆ ಆ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ. ಅವರು ಸೊಸೆಯ ಕೈಯನ್ನೇ ನೋಡುತ್ತ ನಿಂತಿದ್ದರು.

ಇದನ್ನು ಓದುತ್ತಿರುವ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಮನೆಯ ಗಾಡಿಯೂ ಇಳಿಜಾರಿನಲ್ಲೇ ನಿಲ್ಲುತ್ತಿದೆಯೆ? ತಳ್ಳಿಯೋ ಉರುಳಿಸಿಯೋ ಶುರುಮಾಡುವುದು, ಕೆಳಗೆ ನಿಂತು ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟರ್‌ಗೆ ಕಿಡಿ ಕೊಡುವುದು ಅಭ್ಯಾಸವಾಗಿಬಿಟ್ಟಿದೆಯೆ? ಅಭ್ಯಾಸವಾದದ್ದೆಲ್ಲ ಕ್ಷೇಮವಲ್ಲ. ಇನ್ನೊಂದು ಬ್ಯಾಟರಿ ತರುವ ಮೊದಲು ತುದಿಗಳನ್ನು, ಬೆಲ್ಟನ್ನು, ಅರ್ಥಿಂಗ್ ಪಟ್ಟಿಯನ್ನು ನೋಡಿ. ಮೀಟರ್ ಬಲ್ಲವರನ್ನು ಕರೆದು ಎಂಜಿನ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ಅಳೆಸಿ. ಬ್ಯಾಟರಿಯ ಹತ್ತಿರ ಬೆಂಕಿ ತರಬೇಡಿ, ಕಿಡಿ ಹಾರಿಸಬೇಡಿ. ಯಾವಾಗಲೂ ಸೀಟಿನಲ್ಲಿ ಕೂತೇ ಕೀಲಿ ತಿರುಗಿಸಿ. ಗಾಡಿ ಎಷ್ಟೇ ಹಳೆಯದಿರಲಿ, ಚಕ್ರದ ಮುಂದೆ ಯಾರೂ ಬಗ್ಗದೆ ಅದು ಹೊರಡುವಂತೆ ಇಟ್ಟುಕೊಳ್ಳಿ.